ಗಾಜಿನ ಮೇಲಿನ ಎರಡು ಎಸಳು

ನನ್ನ ಕಥೆಗಳಲ್ಲಿ ಯಾರೂ ರೈಲು ಹತ್ತುವುದಿಲ್ಲ. ಪ್ಲಾಟ್‌ಫಾರ್ಮಿನವರೆಗೆ ಬರುತ್ತಾರೆ, ಫಾಸ್ಟ್ ಲೋಕಲ್ ಹೋಗಲಿ, ಎಲ್ಲ ಕಡೆ ನಿಲ್ಲುವ ಸ್ಲೋ ಬರಲಿ ಎಂದು ನಿಲ್ಲುತ್ತಾರೆ, ಸ್ಲೋ ಬಂದಾಗ ಫಾಸ್ಟನ್ನೇ ಹಿಡಿಯಬೇಕಿತ್ತು ಅನ್ನಿಸುತ್ತದೆ, ಅಲ್ಲಿಗೆ ಕಥೆ ಮುಗಿಯುತ್ತದೆ. ಒಬ್ಬ ಗುಮಾಸ್ತ ಹನ್ನೊಂದು ವರ್ಷ ರಾಜೀನಾಮೆಯ ಕಾಗದವನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಆಫೀಸಿಗೆ ಹೋಗಿಬರುತ್ತಾನೆ. ಒಬ್ಬ ಹೆಂಗಸು ಇಬ್ಬರು ಡಾಕ್ಟರರ ಎರಡು ಚೀಟಿ ಹಿಡಿದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಇರುತ್ತಾಳೆ. ಅಂಗಡಿಯವನು ಶಟರ್ ಎಳೆದು ಮನೆಗೆ ಹೋಗುತ್ತಾನೆ. ಸಂಪಾದಕರೊಬ್ಬರು ಕಥೆಯನ್ನು ಹಿಂದಿರುಗಿಸುತ್ತ, ‘ನಿಮ್ಮ ಜನಕ್ಕೆ ತಪ್ಪು ಮಾಡಲಿಕ್ಕಾದರೂ ಬಿಡಿ’ ಎಂದು ಬರೆದಿದ್ದರು. ಸಭೆಗಳಲ್ಲಿ ಯಾರಾದರೂ ಇದೇ ಮಾತು ಎತ್ತಿದರೆ ನಾನು ಮಹಾನಗರ, ಮಧ್ಯಮವರ್ಗ, ಆತಂಕ ಎಂದು ಏನೋ ಹೇಳಿ ನೀರು ಕುಡಿಯುತ್ತೇನೆ. ಹೇಳಬೇಕಾದದ್ದು ಒಂದು ಗೋಡೆಯ ವಿಷಯ. ಅದನ್ನೂ ಹಿಂದೆ ಎರಡು ಸಲ ಕಥೆ ಮಾಡಿ ಕೆಡಿಸಿದ್ದೇನೆ. ಒಂದರಲ್ಲಿ ಗೋಡೆಯ ಜಾಗಕ್ಕೆ ಗಿಳಿಶಾಸ್ತ್ರದವನನ್ನು ತಂದೆ, ಇನ್ನೊಂದರಲ್ಲಿ ಅತ್ತೆಯನ್ನು ಅಕ್ಕ ಮಾಡಿದೆ. ಈ ಸಲ ಏನನ್ನೂ ಬದಲಿಸದೆ ಬರೆಯುತ್ತೇನೆ ಅಂದುಕೊಂಡಿದ್ದೇನೆ. ನನ್ನ ನೆನಪು ಒಪ್ಪಿದರೆ.

ಡೊಂಬಿವಲಿ ಪೂರ್ವದಲ್ಲಿ ಹಳಿಗಳಿಗೆ ಬೆನ್ನು ಹಾಕಿದ ಮೂರು ಮಹಡಿಯ ಕಟ್ಟಡ. ಎರಡನೆಯ ಮಹಡಿಯಲ್ಲಿ, ಉದ್ದ ಗ್ಯಾಲರಿಯ ಕೊನೆಯಿಂದ ಎರಡನೆಯದು ನಮ್ಮ ಮನೆ. ಮುಂದೆ ಒಂದು ಕೋಣೆ, ಹಿಂದೆ ಅಡಿಗೆಮನೆ, ಅಡಿಗೆಮನೆಯ ಮೂಲೆಯಲ್ಲೇ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಬಚ್ಚಲು. ಗಾಳಿ ತಿರುಗಿದ ದಿನ ಕಾರ್ಖಾನೆಗಳ ಕಡೆಯಿಂದ ಕೊಳೆತ ಬಾದಾಮಿಯಂಥ ವಾಸನೆ ಬಂದು ಅನ್ನಕ್ಕೂ ಹತ್ತುತ್ತಿತ್ತು. ಅಪ್ಪ ಅಂಥದೇ ಒಂದು ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಊರು ಬಿಜಾಪುರದ ಕಡೆ. ಅವನ ಬೆರಳ ಸಂದಿಯ ನೀಲಿ ಬಣ್ಣ ದೀಪಾವಳಿ ರಜೆಯಲ್ಲೂ ಹೋಗುತ್ತಿರಲಿಲ್ಲ. ಮನೆಯಲ್ಲಿ ನಾಲ್ವರು: ಅಪ್ಪ, ಅವ್ವ, ಅಪ್ಪನ ತಂಗಿ ನೀಲತ್ತಿ, ನಾನು. ಮುಂದಿನ ಕೋಣೆಯ ಗೋಡೆಗೆ ಊರಿಂದ ತಂದ ವೀರಭದ್ರನ ಪಟ, ಗಾಜು ಹಾಕಿದ್ದು, ಕಬ್ಬಿಣದ ಟ್ರಂಕಿನ ಮೇಲುಗಡೆ. ನಮ್ಮ ಮನೆಯ ಯಜಮಾನ ಅವನೇ. ಇದನ್ನು ಭಕ್ತಿಯಿಂದ ಹೇಳುತ್ತಿಲ್ಲ. ಮನೆ ನಡೆಯುತ್ತಿದ್ದದ್ದೇ ಹಾಗೆ.

ಊರಿನ ಗುಡಿಯಲ್ಲಿ ಪೂಜಾರಿ ದೇವರ ಎರಡೂ ಕಡೆ ಒದ್ದೆ ಹೂವಿನ ಎಸಳು ಅಂಟಿಸಿ, ಕೇಳಬೇಕಾದ್ದನ್ನು ಕೇಳಿ ಕಾಯುತ್ತಾನೆ. ಬಲದ ಎಸಳು ಮೊದಲು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ಬಿತ್ತನೆ, ಹೆಣ್ಣು, ಗಂಡು, ದನದ ವ್ಯಾಪಾರ ಎಲ್ಲಕ್ಕೂ. ಅಪ್ಪ ಆ ಪದ್ಧತಿಯನ್ನು ಕಲ್ಲಿನ ಮೂರ್ತಿಯಿಂದ ಗಾಜಿನ ಪಟಕ್ಕೆ ಇಳಿಸಿಕೊಂಡಿದ್ದ. ಗಾಜಿನ ಮೇಲೆ ಎಸಳು ಬೇಗ ಜಾರುತ್ತದೆ, ಹಿಂದೆ ರೈಲು ಹೋದರೆ ಗೋಡೆಯೇ ನಡುಗುತ್ತದೆ. ರೈಲು ಬೀಳಿಸಿದ ಎಸಳು ದೇವರ ಮಾತಾಗುವುದಿಲ್ಲ. ಅದಕ್ಕೆ ನಾವು ಕೇಳುತ್ತಿದ್ದದ್ದು ಭಾನುವಾರ, ಹಳಿ ರಿಪೇರಿಗೆಂದು ಒಂದಷ್ಟು ಹೊತ್ತು ಗಾಡಿಗಳನ್ನು ನಿಲ್ಲಿಸುತ್ತಾರಲ್ಲ, ಆಗ. ಶನಿವಾರ ಅಪ್ಪ ಸ್ಟೇಶನ್ನಿನ ಬೋರ್ಡು ಓದಿಕೊಂಡು ಬರುತ್ತಿದ್ದ. ನಮ್ಮ ಮನೆಯ ಮುಹೂರ್ತಗಳನ್ನು ರೈಲ್ವೆಯವರು ಇಟ್ಟುಕೊಡುತ್ತಿದ್ದರು. ಫ್ಯಾನು ಬಂದ್, ಕಿಟಕಿ ಬಂದ್. ಬೆವರುತ್ತ, ಕಣ್ಣು ಮುಚ್ಚಿ ಕೂರಬೇಕು. ಅಪ್ಪನೊಬ್ಬ ಮಾತ್ರ ಕಣ್ಣು ಬಿಟ್ಟು ನೋಡುತ್ತಿದ್ದ. ಬಿದ್ದ ಮೇಲೆ ಎಸಳನ್ನು ಎತ್ತಿ ಕಣ್ಣಿಗೊತ್ತಿಕೊಂಡು ‘ಆತು’ ಅಥವಾ ‘ಒಲ್ಲೆ ಅಂತಾನ’ ಎನ್ನುತ್ತಿದ್ದ. ಫ್ರಿಜ್ ಬಂದದ್ದು ಹೀಗೆ. ನನ್ನ ಟಾನ್ಸಿಲ್ ಉಳಿದದ್ದು ಹೀಗೆ. ನಾನು ಮರಾಠಿ ಶಾಲೆಗೆ ಹೋದದ್ದೂ ಹೀಗೆ. ಅಷ್ಟರಮಟ್ಟಿಗೆ ಈ ಕನ್ನಡವನ್ನು ವೀರಭದ್ರನ ಇಚ್ಛೆಗೆ ವಿರುದ್ಧವಾಗಿ ಬರೆಯುತ್ತಿದ್ದೇನೆ.

ಪಕ್ಕದ ಮನೆಯ ವನಜಕ್ಕ ಉಡುಪಿ ಕಡೆಯವರು. ನಮ್ಮ ಬಾಗಿಲು ಮುಚ್ಚಿದ್ದು ಕಂಡರೆ ಗ್ಯಾಲರಿಯಿಂದಲೇ ಕೂಗುತ್ತಿದ್ದರು.

“ಎಂತ ಮಾರಾಯ್ರೆ, ಇವತ್ತು ಮೀಟಿಂಗಾ? ಬದನೆಕಾಯಿ ಮಾಡುದಾ ಬೆಂಡೆಕಾಯಿ ಮಾಡುದಾ ಅಂತ ನಂದೂ ಒಂದು ಕೇಳಿ ಬಿಡಿ ಆಯ್ತಾ!”

ಅವ್ವ ಒಳಗಿಂದ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ನನಗಿಂತ ಮೊದಲು ಒಬ್ಬ ಮಗನಿದ್ದ. ಎರಡು ವರ್ಷದವನಾಗಿದ್ದಾಗ ಜ್ವರ ಏರಿತು. ಗಲ್ಲಿಯ ಡಾಕ್ಟರೋ ಕಲ್ಯಾಣದ ದೊಡ್ಡ ದವಾಖಾನೆಯೋ ಎಂದು ಅವ್ವ ಕೇಳಿದಾಗ, ‘ಕಲ್ಯಾಣಕ್ಕ ನಡಿ’ ಎಂದವನು ಅಪ್ಪ. ಗಾಡಿ ತಡವಾಯಿತು, ಮಗು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಹೋಯಿತು. ಗಲ್ಲಿಯ ಡಾಕ್ಟರಲ್ಲಿಗೆ ಹೋಗಿದ್ದರೂ ಅಷ್ಟೇ ಆಗುತ್ತಿತ್ತು ಎಂದು ಎಲ್ಲರೂ ಅಂದರು, ಡಾಕ್ಟರೂ ಅಂದರು. ಅಂದಿನಿಂದ ಅಪ್ಪ ತನ್ನ ಬಾಯಿಂದ ಯಾವುದನ್ನೂ ತೀರ್ಮಾನಿಸಲಿಲ್ಲ. ಹೀಗೆ ಬರೆದರೆ ಎಲ್ಲ ಸರಿಯಾಗಿ ಕೂತುಬಿಡುತ್ತದೆ, ಅದಕ್ಕೇ ನನಗೆ ಈ ವಾಕ್ಯದ ಮೇಲೆ ನಂಬಿಕೆಯಿಲ್ಲ. ಅಪ್ಪ ಮೊದಲೂ ಹಾಗೇ ಇದ್ದಿರಬಹುದು. ಮಗು ಸತ್ತ ಮೇಲೆ ಅವನಿಗೊಂದು ಕಾರಣ ಸಿಕ್ಕಿತು, ನನಗೊಂದು ಅಧ್ಯಾಯ ಸಿಕ್ಕಿತು.

ಎಸಳು ಅಂಟಿಸುವ ಕೆಲಸ ನನ್ನದು. ದೊಡ್ಡವರ ಕೈಯಲ್ಲಿ ಆಸೆ ಇರುತ್ತದಂತೆ. ಟ್ರಂಕಿನ ಮೇಲೆ ಹತ್ತಿಸುವಾಗ ಅಪ್ಪ ಪ್ರತಿ ಸಲವೂ ಹೇಳುತ್ತಿದ್ದ.

“ಸಾವಿ, ನಿನಗ ಏನೂ ತಿಳಿಯೂದಿಲ್ಲ. ಅದಕ್ಕೇ ನೀನೇ ಹಚ್ಚಬೇಕು.”

ತಾಮ್ರದ ತಂಬಿಗೆಯಲ್ಲಿ ಸೇವಂತಿಗೆಯ ಎರಡು ಎಸಳು ಅದ್ದಿ, ಪಟದ ಆ ಕಡೆಗೊಂದು ಈ ಕಡೆಗೊಂದು ಅಂಟಿಸಿ, ಇಳಿದು, ಕಣ್ಣು ಮುಚ್ಚಿ ಕೂರುತ್ತಿದ್ದೆ. ಆರು ವರ್ಷದವಳಿದ್ದಾಗಿನಿಂದ ಈ ಕೆಲಸ ಮಾಡಿದ್ದೇನೆ. ತುಂಬ ಒದ್ದೆಯಾದ ಎಸಳು ಗಾಜನ್ನು ಅಪ್ಪಿಕೊಂಡು ಕೂರುತ್ತದೆ, ಒಣಗಿದ್ದು ಬೇಗ ಬಿಡುತ್ತದೆ ಎಂಬುದು ಏಳು ವರ್ಷಕ್ಕೇ ಬೆರಳಿಗೆ ತಿಳಿದಿತ್ತು. ಅಪ್ಪ ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ.

ಈ ಮನೆಯಲ್ಲಿ ಅಂಜದೆ ಇದ್ದವಳು ನೀಲತ್ತಿ ಒಬ್ಬಳೇ. ಅವಳು ಠಾಣೆಯ ನೌಪಾಡಾದಲ್ಲಿ ಒಂದು ಬ್ಲೌಸ್ ಹೊಲಿಯುವ ಅಂಗಡಿಯಲ್ಲಿ ಕಟಿಂಗ್ ಮಾಡುತ್ತಿದ್ದಳು. ಹೊಲಿಯಲು ಐದು ಜನ, ಕತ್ತರಿಸಲು ಇವಳೊಬ್ಬಳು. ಸೀಮೆಸುಣ್ಣದ ಗುರುತು ಹಾಕದೆ ಕತ್ತರಿಸುತ್ತಿದ್ದಳು. ಬಟ್ಟೆಯನ್ನು ಒಮ್ಮೆ ಕೊಡವಿ, ಎರಡು ಮಡಿಕೆ ಮಾಡಿ, ಅಂಗೈಯಿಂದ ಸವರಿ, ಕತ್ತರಿಯನ್ನು ಒಳಗಿಟ್ಟರೆ ಮುಗಿಯಿತು. ಕತ್ತರಿ ಬಾಯಿ ಮುಚ್ಚದೆ ಕಂಕುಳಿನ ತಿರುವಿನವರೆಗೂ ಹರಿದುಹೋಗುತ್ತಿತ್ತು. ರಜೆಯಲ್ಲಿ ಒಂದೆರಡು ಸಲ ಅವಳ ಜೊತೆ ಹೋಗಿ ಮೇಜಿನ ಕೆಳಗೆ ಕೂತು ಮೇಲಿನಿಂದ ಬೀಳುವ ತುಂಡುಗಳನ್ನು ಹಿಡಿದದ್ದು ನೆನಪಿದೆ. ಗಿರಾಕಿಯ ರೇಷ್ಮೆಯನ್ನು ಹೀಗೆ ಕತ್ತರಿಸಲು ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದ್ದೆ. ಅವಳು ಕನ್ನಡದಲ್ಲಿ ಕೇಳುತ್ತಿದ್ದಳು, ನಾನು ಮರಾಠಿಯಲ್ಲಿ ಉತ್ತರಿಸುತ್ತಿದ್ದೆ. ನಾನು ಕೇಳಿದ್ದೂ ಮರಾಠಿಯಲ್ಲೇ ಇರಬೇಕು.

“ಅಂಜಿದ್ರ ಕತ್ರಿ ಅಂಜತೈತಿ. ಕತ್ರಿ ಅಂಜಿದ್ರ ಅಂಚು ಹಲ್ಲು ಹಲ್ಲು ಬರತೈತಿ. ಹಾಳಾದ್ರ ತೋಳು ಗಿಡ್ಡ ಮಾಡೂದು, ಅಷ್ಟೇ.”

ಮನೆಯಲ್ಲೂ ಹಾಗೆಯೇ. ಅವ್ವ ಅಕ್ಕಿ ಎಷ್ಟು ಹಾಕಲಿ, ಹುಳಿ ಮಾಡಲೋ ಸಾರು ಮಾಡಲೋ ಎಂದು ಗೊಣಗುವಷ್ಟರಲ್ಲಿ ಇವಳು ಕುಕ್ಕರ್ ಇಟ್ಟಿರುತ್ತಿದ್ದಳು. ಕೆಲಸದಿಂದ ಬಂದ ಕೂಡಲೇ ಎಲ್ಲರ ಮುಂದೆ ಚಹಾದ ಲೋಟ ಕುಕ್ಕುತ್ತಿದ್ದಳು. ಬೇಕೋ ಬೇಡವೋ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಕುಡಿಯದಿದ್ದರೆ ಬೈಗುಳ. ನನಗೆ ಎಂಟು ವರ್ಷಕ್ಕೇ ಚಹಾದ ಚಟ ಹತ್ತಿಸಿದವಳು ಅವಳು.

ನನ್ನ ಒಂಬತ್ತನೆಯ ವರ್ಷದಲ್ಲಿ ಸಾನಪಾಡಾದಿಂದ ಅವಳಿಗೊಂದು ಸಂಬಂಧ ಬಂತು. ಗಂಡಿನ ಹೆಸರು ಮಲ್ಲಣ್ಣ, ಕಲಬುರ್ಗಿಯವನು, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿ ತೂಕದ ಕಾಂಟಾದ ಮೇಲೆ ಗುಮಾಸ್ತ. ಮೊದಲ ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ, ಸ್ವಂತ ಮನೆಯಿತ್ತು. ನೋಡಲು ಬಂದವನು ಅವಲಕ್ಕಿ ತಿಂದು, ನನಗೊಂದು ಪೆನ್ಸಿಲ್ ಡಬ್ಬಿ ಕೊಟ್ಟು ಹೋದ. ಮದುವೆಯ ನಂತರ ಹೆಂಗಸು ಕೆಲಸಕ್ಕೆ ಹೋಗುವ ಅಗತ್ಯವಿಲ್ಲ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದ್ದ. ಅವನು ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ನೀಲತ್ತಿ ತಟ್ಟೆಗಳನ್ನು ಒಂದರ ಮೇಲೊಂದು ಹೇರುತ್ತ ಅಂದಳು.

“ಅಣ್ಣಾ, ನಾ ಒಲ್ಲೆ.”

“ಒಲ್ಲೆ ಅನ್ನೂದು ಹ್ಯಾಂಗ? ಏನ್ ಕಮ್ಮಿ ಐತಿ ಅವರಿಗೆ?” ಎಂದಳು ಅವ್ವ. “ಇಪ್ಪತ್ತೆಂಟು ತುಂಬ್ಯಾವ ನೀಲಾ. ಮುಂದ ಕೇಳಾಕ ಯಾರೂ ಬರೂದಿಲ್ಲ.”

“ಬರದಿದ್ರ ಬಿಡ್ರಿ ವೈನಿ. ಅವಲಕ್ಕಿ ಉಳಿತೈತಿ. ನನ್ನ ಕೈಯಾಗಿನ ಕತ್ರಿ ಇಡಸೂ ಮನಿ ನನಗ ಬ್ಯಾಡ.”

ಆಮೇಲೆ ಇಬ್ಬರೂ ಅಪ್ಪನ ಕಡೆ ನೋಡಿದರು. ಅಪ್ಪ ಪಟದ ಕಡೆ ನೋಡಿದ.

“ನಾ ಹೂಂ ಅಂದು ನಾಳೆ ಕೆಟ್ಟದಾದ್ರ? ಇಲ್ಲ ಅಂದು ನೀ ಹಿಂಗ ಮುದುಕಿ ಆದ್ರ? ಹೇಳಾಂವ ನಾ ಅಲ್ಲ, ನೀನೂ ಅಲ್ಲ. ಕೇಳೂಣು. ಆತ ಏನ ಅಂತಾನ ಅದು.”

ನೀಲತ್ತಿ ಜಗಳ ಮಾಡುತ್ತಾಳೆ ಅಂದುಕೊಂಡೆ. ಮಾಡಲಿಲ್ಲ. ಅಪ್ಪನ ನೀಲಿ ಬೆರಳುಗಳನ್ನು ನೋಡುತ್ತ ನಿಂತು, ‘ಕೇಳು ಹಂಗಾರ. ಆತ ಹೂಂ ಅಂದ್ರ ಹೋಗತೀನಿ. ಆದ್ರ ಒಂದೇ ಸಲ. ಮತ್ತ ಮತ್ತ ಕೇಳಬ್ಯಾಡ’ ಎಂದಳು. ಆ ವಾರ ವನಜಕ್ಕ ಒಂದು ಸಂಜೆ ಬಾಗಿಲಲ್ಲಿ ನಿಂತು, “ಹುಡುಗಿಯನ್ನು ಕೇಳುದು ಬಿಟ್ಟು ಹೂವನ್ನು ಕೇಳ್ತೀರಲ್ಲ, ನಿಮ್ಮದೊಂದು ಲೋಕವೇ ಬೇರೆ” ಎಂದರು. ಆ ಸಲ ಅವ್ವನೂ ನಗಲಿಲ್ಲ.

ನಾನು ಮಾತ್ರ ತೀರ್ಮಾನಿಸಿದ್ದೆ. ಎಡದ ಎಸಳನ್ನು ಒಣಗಿಸಿ ಬೀಳಿಸಬೇಕು, ನೀಲತ್ತಿ ಉಳಿಯಬೇಕು. ಅವಳು ಕೆಲಸ ಬಿಡಬಾರದು ಎಂದಿತ್ತೋ, ನನ್ನ ಪಕ್ಕದ ಹಾಸಿಗೆ ಖಾಲಿಯಾಗಬಾರದು ಎಂದಿತ್ತೋ ಈಗ ಹೇಳಲಾರೆ. ಬರೆಯುವಾಗ ಮೊದಲನೆಯದು ಎನ್ನುತ್ತೇನೆ. ನನ್ನ ಜೀವನದಲ್ಲಿ ಎರಡು ಸಲ ಯೋಚಿಸದೆ, ನಡುಗದೆ ತೆಗೆದುಕೊಂಡ ನಿರ್ಧಾರ ಅದೊಂದೇ.

ಭಾನುವಾರ. ಗಾಡಿಗಳು ನಿಂತಿದ್ದವು. ಮಳೆ ಬರುತ್ತಿತ್ತು ಎಂದು ಅವ್ವ ಈಗಲೂ ವಾದಿಸುತ್ತಾಳೆ. ನನ್ನ ನೆನಪಿನಲ್ಲಿ ಬಿಸಿಲು. ಕಿಟಕಿಯ ಸಂದಿಯಿಂದ ಬಂದ ಬಿಸಿಲಿನ ಪಟ್ಟಿಯೊಂದು ಟ್ರಂಕಿನ ಬೀಗದ ಮೇಲಿತ್ತು. ಟ್ರಂಕಿನ ಮೇಲೆ ಹತ್ತಿ, ಮೊದಲು ಬಲಗಡೆಯ ಎಸಳನ್ನು ಚೆನ್ನಾಗಿ ಅದ್ದಿ ಅಂಟಿಸಿದೆ. ಎರಡನೆಯದನ್ನು ತಂಬಿಗೆಯಿಂದ ತೆಗೆದು, ಅಪ್ಪನಿಗೆ ಕಾಣದಂತೆ ದೇಹವನ್ನು ಅಡ್ಡ ಮಾಡಿ, ಫ್ರಾಕಿಗೆ ಒರೆಸಿಕೊಂಡೆ. ಎಡಗಡೆಗೆ ಅದನ್ನು ತುದಿಯಷ್ಟೇ ತಾಗುವಂತೆ ಇಟ್ಟೆ. ಇಳಿದು ಕೂತೆ. ಅಪ್ಪ ಗಟ್ಟಿಯಾಗಿ ಕೇಳಿದ: ತಂಗಿಯನ್ನು ಆ ಮನೆಗೆ ಕೊಡಬಹುದೇ. ಎಲ್ಲರೂ ಕಣ್ಣು ಮುಚ್ಚಬೇಕಾದ ಆ ಹೊತ್ತಿನಲ್ಲಿ ನಾನು ಮೊದಲ ಸಲ ಕಣ್ಣು ಮುಚ್ಚಲಿಲ್ಲ. ಎಸಳು ತಕ್ಷಣ ಬೀಳಲಿಲ್ಲ. ಒಂದು ನಿಮಿಷ, ಅಥವಾ ಅದಕ್ಕಿಂತ ಹೆಚ್ಚು, ಒಂದು ತುದಿಯಲ್ಲಿ ನೇತಾಡಿತು. ಕೆಳಗೆ ಯಾರೋ ಬಕೆಟ್ ಇಟ್ಟ ಸದ್ದಾಯಿತು. ಆಮೇಲೆ ಎಡದ ಎಸಳು ಟ್ರಂಕಿನ ಮೇಲೆ ಬಿತ್ತು.

ಅಪ್ಪ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡ. ಅವನ ಕಣ್ಣು ತುಂಬಿತ್ತು.

“ಬಲಕ್ಕ ಕೊಟ್ಟಾನ. ಆತು ನೀಲಾ, ಆತು!”

“ಡಾವೀ ಬಾಜೂ ಆಹೆ ತೀ!” ಎಂದು ನಾನು ಕಿರುಚಿದೆ. ಅದು ಎಡಗಡೆ, ಎಡಗಡೆ.

ಅಪ್ಪ ನಕ್ಕ. ಬಹಳ ದಿನಗಳ ಮೇಲೆ ನಕ್ಕಿದ್ದ.

“ಹುಚ್ಚಿ, ನಮಗ ಎಡ ಅದು. ಆತ ನಮ್ಮ ಕಡೆ ಮಾರಿ ಮಾಡಿ ನಿಂತಾನಲ್ಲ? ಆತನ ಬಲಗೈ ಯಾವ ಕಡೆ ಬರತೈತಿ ನೋಡು. ಕತ್ತಿ ಹಿಡಿದಾನಲ್ಲ, ಅದು.”

ನೋಡಿದೆ. ಮೂರು ವರ್ಷದಿಂದ ನಾನೇ ಹೂ ಹಚ್ಚುತ್ತಿದ್ದ ಪಟ. ಕತ್ತಿ ಹಿಡಿದ ಕೈ ನನ್ನ ಎಡಕ್ಕಿತ್ತು. ಪ್ರತಿ ಸಲವೂ ಕಣ್ಣು ಮುಚ್ಚಿ ಕೂತಿದ್ದರಿಂದ ಯಾವ ಎಸಳಿಗೆ ಯಾವ ಉತ್ತರ ಎಂದು ನಾನು ನೋಡಿಯೇ ಇರಲಿಲ್ಲ, ಕಣ್ಣು ಬಿಟ್ಟ ಮೇಲೆ ಗಾಜಿನಲ್ಲಿ ಉಳಿದದ್ದು ಯಾವುದೆಂದು ಗಮನಿಸಿರಲೂ ಇಲ್ಲ. ಒರೆಸಿದೆ ಎಂದು ಆಗಲೇ ಹೇಳಿಬಿಡಬಹುದಿತ್ತು. ಹೇಳಿದರೆ ಅಪ್ಪ ಫ್ರಿಜ್, ಶಾಲೆ, ಟಾನ್ಸಿಲ್ ಎಲ್ಲವನ್ನೂ ಹಿಂದಕ್ಕೆ ಹೋಗಿ ಅನುಮಾನಿಸುತ್ತಾನೆ. ಹೇಳದಿದ್ದರೆ ನೀಲತ್ತಿ ಹೋಗುತ್ತಾಳೆ. ಇಷ್ಟು ಸ್ಪಷ್ಟವಾಗಿ ಒಂಬತ್ತು ವರ್ಷದವಳು ಯೋಚಿಸುವುದಿಲ್ಲ, ಗೊತ್ತು. ಬಾಯಿ ಬಿಟ್ಟುಕೊಂಡು ನಿಂತಿದ್ದೆ, ಅಷ್ಟು ಖಾತ್ರಿ. ಹಳಿಯ ಮೇಲೆ ಗಾಡಿಗಳು ಮತ್ತೆ ಶುರುವಾಗಿ, ಗೋಡೆ ನಡುಗಿ, ಒದ್ದೆ ಎಸಳೂ ಬಿತ್ತು. ಅದನ್ನು ಯಾರೂ ಎತ್ತಲಿಲ್ಲ.

ಮದುವೆ ಊರಲ್ಲಾಯಿತು. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ನಾವು ಸಾನಪಾಡಾಕ್ಕೆ ಹೋಗುತ್ತಿದ್ದೆವು. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿನ ಗಾಡಿ ಹಿಡಿದು, ಸಮುದ್ರದ ನೀರು ಒಳನುಗ್ಗಿದ ಖಾಡಿಯ ಸೇತುವೆ ದಾಟಿ. ಹೊಸ ಕಟ್ಟಡ, ಅಗಲ ರಸ್ತೆ, ಗ್ಯಾಲರಿಯಿಲ್ಲದ, ಸಂಜೆಯಾದರೂ ಯಾರೂ ಕೂಗದ ಮನೆ. ಮಲ್ಲಣ್ಣ ಮಾಮಾ ಕೆಟ್ಟವನಾಗಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಅವನು ಕುಡಿಯುತ್ತಿರಲಿಲ್ಲ, ಧ್ವನಿ ಎತ್ತುತ್ತಿರಲಿಲ್ಲ. ತರಕಾರಿ ತಾನೇ ತರುತ್ತಿದ್ದ, ಯಾವುದು ಇಂದು, ಯಾವುದು ನಾಳೆ ಎಂದು ಬುಟ್ಟಿಯಲ್ಲಿ ಬೇರೆ ಮಾಡಿ ಇಡುತ್ತಿದ್ದ. ನೀಲತ್ತಿ ಏನಾದರೂ ಹೇಳಲು ಬಾಯಿ ತೆರೆದರೆ ನಗುತ್ತ ತಡೆಯುತ್ತಿದ್ದ.

“ನೀ ಯಾಕ ತಲಿ ಕೆಡಸ್ಕೊಂತಿ? ನಾ ಇದೀನಲ್ಲ.”

ಎರಡನೆಯ ದೀಪಾವಳಿಗೆ ಹೋದಾಗ ಅವಳು ಎರಡು ಸೀರೆ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಒಂದು ಹಸಿರು, ಒಂದು ಇಟ್ಟಿಗೆಯ ಬಣ್ಣದ್ದು. ‘ಯಾವುದು ಉಡ್ಲಿ?’ ಎಂದು ಕೇಳಿದಳು. ಮಾಮಾ ಹೊರಗೆ ಹೋಗಿದ್ದ. ಅಪ್ಪ ನೆಲ ನೋಡಿದ, ಅವ್ವ ‘ಯಾವುದಾರ ಉಡವಾ’ ಎಂದಳು. ನೀಲತ್ತಿ ಮಾಮಾ ಬರುವವರೆಗೂ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಳು. ಅವಳ ಕತ್ತರಿ ಅಡಿಗೆಮನೆಯ ಡ್ರಾಯರಿನಲ್ಲಿ, ಹಾಲಿನ ಪಾಕೀಟು ಕತ್ತರಿಸಲು ಇತ್ತು. ಬರುವಾಗ ಸೇತುವೆಯ ಮೇಲೆ ಅಪ್ಪ ಕಿಟಕಿಯ ಹೊರಗೆ ನೋಡುತ್ತ, ‘ಆತ ಹೇಳಿದ್ದಲ್ಲೇನು’ ಎಂದು ತನ್ನಷ್ಟಕ್ಕೆ ಅಂದುಕೊಂಡ. ಅವನಿಗೆ ಅಷ್ಟು ಸಾಕಾಗುತ್ತಿತ್ತು. ಅದನ್ನೂ ಅವನಿಂದ ಕಿತ್ತುಕೊಳ್ಳಲು ನನಗೆ ಬಾಯಿ ಬರಲಿಲ್ಲ, ಅವನು ಸಾಯುವವರೆಗೂ.

ಅಪ್ಪ ಹೋದ ಮೇಲೆ, ಮಾಮಾನೂ ಹೋದ ಮೇಲೆ, ಒಂದು ಮಧ್ಯಾಹ್ನ ಸಾನಪಾಡಾಕ್ಕೆ ಒಬ್ಬಳೇ ಹೋಗಿ ಹೇಳಿದೆ. ನೀಲತ್ತಿಗೆ ಆಗ ಕೂದಲು ಪೂರ್ತಿ ಬಿಳಿಯಾಗಿತ್ತು. ತಾನು ಓದದ ನನ್ನ ಪುಸ್ತಕಗಳನ್ನು ಷೋಕೇಸಿನಲ್ಲಿ ಎತ್ತರದ ಪ್ರಕಾರ ಜೋಡಿಸಿದ್ದಳು. ಫ್ರಾಕಿಗೆ ಒರೆಸಿದ್ದು, ಎಡ ಬಲ, ಎಲ್ಲ ಹೇಳಿದೆ. ಈಗ ನನಗೆ ಕನ್ನಡ ಬರುತ್ತಿತ್ತು. ಅವಳು ಕೇಳುತ್ತ ಸೆರಗಿನ ಅಂಚನ್ನು ಮಡಚಿ ಬಿಚ್ಚಿ ಮಾಡುತ್ತಿದ್ದಳು.

“ನೋಡಿದ್ನಲ್ಲ,” ಎಂದಳು.

“ಏನು ನೋಡಿದ್ದಿ?”

“ನೀ ಒರಸಿದ್ದು. ನಾ ಎಂದಾರ ಕಣ್ಣು ಮುಚ್ಚೀನೇನು ಆ ಮನ್ಯಾಗ? ಎಲ್ಲಾರೂ ಮುಚ್ಚಿದಾಗ ನಾ ನಿಮ್ಮ ಮಾರಿ ನೋಡಕೋತ ಕುಂದರತಿದ್ದೆ, ಮಜಾ ಅನಸ್ತಿತ್ತು. ನೀ ತಪ್ಪು ಕಡೆದು ಒರಸೀದಿ ಅಂತ ಅವಾಗೇ ಗೊತ್ತಾತು.”

“ಮತ್ತ ಯಾಕ ಸುಮ್ನ ಕುಂತಿ? ಹೇಳಬೇಕಿತ್ತಲ್ಲ ಅತ್ತಿ!”

ಅವಳು ಸೆರಗಿನ ಅಂಚನ್ನು ಕೈಬಿಟ್ಟಳು. ಹೊರಗೆ ಕಟ್ಟಡದ ವಾಚ್‌ಮನ್ ಯಾರಿಗೋ ಹಿಂದಿಯಲ್ಲಿ ದಾರಿ ಹೇಳುತ್ತಿದ್ದ.

“ನೇತಾಡತಿತ್ತಲ್ಲ ಅದು. ಬೀಳೂತನಾ ಹೊತ್ತಿತ್ತು. ಅಣ್ಣಾ, ಹುಡುಗಿ ಒರಸೈತಿ, ಮತ್ತೊಮ್ಮೆ ಕೇಳು ಅಂದ್ರ ಮುಗೀತಿತ್ತು. ಅನ್ನೂಣು ಅಂದ್ನಿ. ಅಂದ ಮ್ಯಾಲ ಮತ್ತೂ ಬಲಕ್ಕೇ ಬಿದ್ರ? ಎಡಕ್ಕ ಬಿದ್ದು ನಾ ಹಂಗೇ ಉಳದು, ನಾಳೆ ನಿಮ್ಮವ್ವ ಅಂದಾಡಿದ್ರ? ಇಷ್ಟು ಇಚಾರ ಮಾಡೂದ್ರಾಗ ಬಿದ್ದು ಬಿಡ್ತು. ಅದೇ ಮೊದಲು ನೋಡು ಸಾವಿ, ನನಗ ಅಂಜಿಕಿ ಆಗಿದ್ದು.”

ನನ್ನ ಎಲ್ಲ ಕಥೆಗಳೂ ಆ ಒಂದು ನಿಮಿಷದಲ್ಲಿ ನಡೆಯುತ್ತವೆ ಎಂದು ನನಗೆ ಅಲ್ಲಿ, ಆ ಸೋಫಾದ ಮೇಲೆ ಗೊತ್ತಾಯಿತು. ಆದರೆ ಆ ನಿಮಿಷ ನನ್ನದು ಎಂದುಕೊಂಡು ಇಷ್ಟು ವರ್ಷ ಬರೆದಿದ್ದೆ. ಅಥವಾ ಅವಳು ನನ್ನ ತಲೆಯ ಮೇಲಿನ ಭಾರ ಇಳಿಸಲೆಂದು ಅಲ್ಲೇ ಕೂತು ಹುಟ್ಟಿಸಿದ ಮಾತೋ ಅದು? ಕೇಳಬಹುದಿತ್ತು. ಕೇಳಿದರೆ ಅವಳು ಏನು ಹೇಳಿದರೂ ನಂಬುವುದು ಕಷ್ಟವಾಗುತ್ತಿತ್ತು. ಕೇಳಲಿಲ್ಲ.

ನೀಲತ್ತಿ ಎದ್ದಳು. ಅಡಿಗೆಮನೆಯವರೆಗೆ ಹೋಗಿ, ಒಂದು ಕೈ ಚೌಕಟ್ಟಿನ ಮೇಲಿಟ್ಟು ತಿರುಗಿ ನಿಂತಳು.

“ಚಾ ಮಾಡ್ಲೋ, ಕಾಫಿ ಮಾಡ್ಲೋ?”

ನನಗೆ ಚಹಾ ಬೇಕಿತ್ತು. ಅವಳು ಕುಕ್ಕಿದ ಲೋಟದ ಚಹಾ, ಬೈದು ಕುಡಿಸಿದ್ದು.

“ಯಾವುದಾರ ಮಾಡು ಅತ್ತಿ,” ಎಂದೆ.

ಅವಳು ಅಲ್ಲೇ ನಿಂತಿದ್ದಳು.